ಐದಾಳಿನ ತೆಪ್ಪ

ಅಂಕಯ್ಯನಿಗೆ ಸಿಟ್ಟು ಮೊದಲು ಬರುತ್ತಿತ್ತು, ಅದರ ಕಾರಣ ಮುಂದಿನ ಬಸ್ಸಿಗೆ ಬರುತ್ತಿತ್ತು.

ಎಂಟನೇ ಕ್ಲಾಸಿನಲ್ಲೂ ಹೀಗೇ ಆಗಿತ್ತು. ತ್ರೈರಾಶಿ ಲೆಕ್ಕ ತಪ್ಪಿದ್ದಕ್ಕೆ ಪಾರ್ಥಸಾರಥಿ ಮೇಷ್ಟ್ರು, "ಹೊರಗೆ ಕೂತು ಮಾಡಿ ತೋರಿಸು, ಹೋಗು" ಎಂದರು. ಮೇಷ್ಟ್ರು ಹೇಳಿದ್ದು ಬಾಗಿಲ ಹೊರಗೆ. ಅಂಕಯ್ಯ ಹೋದದ್ದು ಊರ ಹೊರಗೆ. "ನಾನೇ ಓಯ್ತೀನಿ ಬುಡಿ!" ಎಂದು ಚೀಲ ಹೆಗಲಿಗೆ ಹಾಕಿಕೊಂಡವನು ಕೆರೆ ಏರಿಯ ಮೇಲೆ ಹೋಗಿ ಕೂತ. ಮೇಷ್ಟ್ರು ಓಡಿಬಂದು ಕೈ ಹಿಡಿದು ಕರೆಯುತ್ತಾರೆಂದು ಮೂರು ದಿನ ಕಾದ. ನಾಲ್ಕನೇ ದಿನ ಅವನ ಅವ್ವ ಚಿಕ್ಕನಂಜಮ್ಮ ಕೈಗೊಂದು ಕುಡುಗೋಲು ಕೊಟ್ಟು ಗದ್ದೆಗೆ ಅಟ್ಟಿದಳು. ಅಲ್ಲಿಗೆ ವಿದ್ಯಾಭ್ಯಾಸ ಸಂಪೂರ್ಣವಾಯಿತು. ಮೇಷ್ಟ್ರು ತನ್ನ ಬಾಳು ಹಾಳುಮಾಡಿದರೆಂದು ಎಂಟು ವರ್ಷ ಊರೆಲ್ಲ ಸಾರಿದ. ಏರಿಯ ಮೇಲೆ ದಾರಿ ಕಾದದ್ದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಈಗ ಕೆರಗೋಡಿನಿಂದ ಆಚೆಗಿನ ತನ್ನ ಹಳ್ಳಿಯಿಂದ ಮಂಡ್ಯದ ಬಳಿಯ ಸರ್ಕಾರಿ ಬೇಸಾಯದ ಫಾರಂ, ವಿ.ಸಿ. ಫಾರಂಗೆ ದಿನಗೂಲಿಗೆ ಹೋಗುತ್ತಿದ್ದ. ಅಲ್ಲಿ ಭತ್ತದ ತಾಕು ನೋಡಿಕೊಳ್ಳುವ ಯೋಗಾನರಸಿಂಹ ಸಾಹೇಬರಿಗೆ ಅಂಕಯ್ಯನ ಕೆಲಸ ಹಿಡಿಸಿತ್ತು, ಬಾಯಿಯನ್ನು ಸಹಿಸಿಕೊಂಡಿದ್ದರು. ಎಪ್ಪತ್ನಾಲ್ಕರ ಸಂಕ್ರಾಂತಿ ಕಳೆದ ವಾರ ಅವರು ಕರೆದು ಹೇಳಿದರು:

"ರಜ ಹಾಕಿದೀನಿ ಕಣಯ್ಯಾ. ನಾನೂ ನನ್ನ ಸ್ನೇಹಿತರೊಬ್ಬರೂ ಮುತ್ತತ್ತಿಯಿಂದ ತೆಪ್ಪದಲ್ಲಿ ಕಾವೇರಿ ಮೇಲೆ ಸಂಗಮದವರೆಗೆ ಹೋಗೋಣ ಅಂತ. ಮೂರು ದಿನ. ರಾತ್ರಿ ಮರಳ ಮೇಲೇ ಬಿಡಾರ. ಊಟದ ಯೋಜನೆ ಪೂರಾ ನಿನ್ನದು. ನೀನೂ ತೆಪ್ಪದಲ್ಲಿ ಬಾ."

"ಅಡುಗೆ ಮಾಡಾಕಾ?" ಅಂಕಯ್ಯನ ಸಿಟ್ಟು ಮೂಗಿನ ತುದಿಗೆ ಬಂತು.

"ಬೇಡವಾದರೆ ಬಿಡು. ಮದ್ದೂರಿನ ಪಾರ್ಥಸಾರಥಿ ಮೇಷ್ಟ್ರು ಬರ್ತಿದಾರೆ, ಅವರಿಗೂ ಒಂದಿಷ್ಟು ಅಡುಗೆ ಬರುತ್ತೆ."

ಸಿಟ್ಟು ಮೂಗಿನ ತುದಿಯಲ್ಲೇ ನಿಂತುಬಿಟ್ಟಿತು. ಅದೇ ಮೇಷ್ಟ್ರು! ವರ್ಗವಾಗಿ ಮದ್ದೂರಿಗೆ ಹೋದವರು. ತೆಪ್ಪವೆಂದರೆ ಬಿದಿರು ಹೆಣೆದು ಚರ್ಮ ಹೊದಿಸಿದ ದುಂಡನೆಯ ಬುಟ್ಟಿ. ದುಂಡಗಿರುವುದರಲ್ಲಿ ಮುಂದಿನ ಬೆಂಚು, ಹಿಂದಿನ ಬೆಂಚು ಎಂಬುದಿಲ್ಲ. ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು, ನಡುಹೊಳೆಯಲ್ಲಿ, ಅವರು ಎದ್ದು ಹೋಗಲಾಗದ ಜಾಗದಲ್ಲಿ, "ನೀವು ಹೊರಗಾಕಿದ ಹುಡುಗ ನಾನೇ ಸಾ" ಎನ್ನಬೇಕು. ಎಂಟು ವರ್ಷದಿಂದ ಬಾಯಿಪಾಠವಾಗಿದ್ದ ಮಾತು. ಅದಕ್ಕೆ ತೆಪ್ಪದಲ್ಲಿ ಒಂದು ಜಾಗ ಸಾಕಿತ್ತು.

"ಬತ್ತೀನಿ," ಎಂದ, ಉಪಕಾರ ಮಾಡುವವನ ಹಾಗೆ.

ಬೀಜದ ಚೀಲದ ಕಾಗದ ಹರಿದು ಯೋಜನೆ ಬರೆಯಲು ಕೂತ. ಸರ್ಕಾರದ ಪಂಚವಾರ್ಷಿಕ ಯೋಜನೆಗೂ ಅಷ್ಟು ಪೆನ್ಸಿಲ್ ಸವೆದಿರಲಾರದು. ಸಾಹೇಬರು, ಮೇಷ್ಟ್ರು, ತೆಪ್ಪದವನು, ತಾನು, ನಾಲ್ಕು ತಲೆ. ತಲೆಗೆ ಹೊತ್ತಿಗೆ ಒಂದು ಪಾವು ಅಕ್ಕಿ. ನಾಲ್ವರಿಗೆ ಒಂದು ಸೇರು. ಮೂರು ದಿನಕ್ಕೆ ಆರು ಹೊತ್ತು, ಆರು ಸೇರು. ಜೊತೆಗೆ ಸ್ವಲ್ಪ ಬೇಳೆ, ಉಪ್ಪು, ಹುಳಿ, ಖಾರ. ಬೆಳಗಿನ ಹೊತ್ತಿಗೆ ರಾಗಿ ಹಿಟ್ಟು. ಮಾಡಿ ನೋಡಿದರೆ ಅದು ತ್ರೈರಾಶಿಯೇ! ಅದೂ ಸರಿಯಾಗಿ ಬಂದಿತ್ತು. ಆ ಕಾಗದವನ್ನು ಅಲ್ಲಿಗೇ ಮಡಿಸಿ ಜೇಬಿಗಿಟ್ಟಿದ್ದರೆ ಈ ಕಥೆ ಇರುತ್ತಿರಲಿಲ್ಲ. ಅವನು ಅವ್ವನಿಗೆ ಓದಿ ಹೇಳಿದ.

ಚಿಕ್ಕನಂಜಮ್ಮ ಒಲೆ ಊದುವುದನ್ನು ಬಿಟ್ಟು ನೋಡಿದಳು. "ತಲೆ ಎಣಿಸಿ ಅಕ್ಕಿ ಹಾಕ್ತಾರೇನ್ಲಾ? ನಮ್ಮನೇಲಿ ಯಾವತ್ತು ಹಾಕಿದ್ದೀವಿ? ಉಣ್ಣೋ ಹೊತ್ಗೆ ಯಾರಾರಾ ಬಂದ್ರೆ?"

"ಕಾಡಲ್ಲಿ ಯಾರವ್ವ ಬತ್ತಾರೆ? ಆನೆ ಬಂದೀತು!"

"ಆನೆ ಬಂದ್ರೆ ಬರೀ ಬಾಯಲ್ಲಿ ಕಳಿಸ್ತೀಯಾ?"

ಅಂಕಯ್ಯ ಕೂಗಾಡಿದ. ಇದೇ ಮೂಢತನದಿಂದ ದೇಶ ಹಿಂದುಳಿದಿದೆ ಎಂದ. ಹೇಳಿದ್ದನ್ನೆಲ್ಲ ಹೇಳಿ ಮುಗಿಸಿ, ಆರು ಸೇರನ್ನು ಮತ್ತೆ ನೋಡಿದ. ಆರು ಸೇರು ಬಡಕಲಾಗಿ ಕಂಡಿತು. ನಾಳೆ ಮೇಷ್ಟ್ರು ತಟ್ಟೆ ಚಾಚಿದಾಗ ಪಾತ್ರೆಯ ತಳ ಕಂಡರೆ? ಹುಟ್ಟಿದಾಗಿನಿಂದ, ಬರದೇ ಹೋದ ನೆಂಟರಿಗೂ ಬೇಯಿಸಿಟ್ಟ ಮನೆಯಲ್ಲಿ ಉಂಡವನ ಕೈ ಅದು. ತಾನಾಗಿ ಆರನ್ನು ಹೊಡೆದು ಹನ್ನೆರಡು ಬರೆಯಿತು. ರಾಗಿ ಹಿಟ್ಟಿನ ಚೀಲವನ್ನು ಅವ್ವನೇ ತುಂಬಿದಳು. ಎಷ್ಟು ಎಂದು ಕೇಳುವ ಧೈರ್ಯ ಅವನಿಗಿರಲಿಲ್ಲ.

ಮಂಡ್ಯದ ಪೇಟೆಯಲ್ಲಿ, ಬೆಲ್ಲದ ಸೀಮೆಯವರು ಬೆಲ್ಲವಿಲ್ಲದೆ ಬಂದರು ಅನ್ನಿಸಿಕೊಳ್ಳಬಾರದೆಂದು ಒಂದು ಮೂಟೆ ಅಚ್ಚುಬೆಲ್ಲ ಸೇರಿತು. ಸಾಹೇಬರು ಬಸ್ಸಿನ ಮೇಲೆ ಏರುತ್ತಿದ್ದ ಸಾಮಾನು ನೋಡಿ, "ಅಂಕಯ್ಯ, ನಾವು ಊರು ಬಿಟ್ಟು ಹೋಗ್ತಿಲ್ಲ ಕಣಯ್ಯಾ" ಎಂದರು.

"ಊಟದ ಯೋಜ್ನೆ ನಂದು ಅಂದ್ರಲ್ಲ ಸಾ?" ಎಂದ. ಅವರು ಬಸ್ಸು ಹತ್ತಿದರು. ಫಾರಂನಲ್ಲಿ ಅವನ ಜೊತೆ ವಾದಕ್ಕಿಳಿದವರು ಮಧ್ಯಾಹ್ನದ ಊಟಕ್ಕೆ ತಡವಾಗಿ ಹೋಗುತ್ತಿದ್ದರು.

ಮದ್ದೂರಿನಲ್ಲಿ ಬಸ್ಸು ನಿಂತಾಗ ಮೇಷ್ಟ್ರು ಕೊಡೆ ಹಿಡಿದು ಕಾಯುತ್ತಿದ್ದರು. ಕೂದಲು ನರೆತಿತ್ತು. ಪಕ್ಕದಲ್ಲಿ ಅವರ ಹೆಂಡತಿ ಪದ್ಮಮ್ಮ. ಕಾಲ ಬಳಿ ಹಿತ್ತಾಳೆ ಪಾತ್ರೆ, ಕಬ್ಬಿಣದ ಒಲೆ, ಮೊಣಕಾಲೆತ್ತರದ ಪುಳಿಯೋಗರೆ ಗೊಜ್ಜಿನ ಭರಣಿ.

"ಇವರು ಬೇರೆಯವರ ಕೈಯ ಅನ್ನ ತಿನ್ನಲ್ಲಪ್ಪಾ," ಎಂದರು ಪದ್ಮಮ್ಮ, ಪಾಪ, ಮೆಲ್ಲಗೆ. "ತಾವೇ ಬೇಯಿಸ್ಕೋತಾರೆ. ಸ್ವಲ್ಪ ಜೋಪಾನ."

ಅಂಕಯ್ಯನ ಕಿವಿ ಕೆಂಪಾಯಿತು. ಬೇರೆಯೇ? ಸರಿ, ಬೇರೆ ಎಂದರೆ ಪೂರಾ ಬೇರೆ ಆಗಲಿ! ಬಸ್ಸು ಹೊರಡುವಷ್ಟರಲ್ಲಿ ಎದುರಂಗಡಿಗೆ ಓಡಿ, ಮೇಷ್ಟ್ರಿಗೆಂದೇ ಬೇರೆ ಅಕ್ಕಿ, ಬೇರೆ ಬೇಳೆ, ಬೇರೆ ಉಪ್ಪು ಕಟ್ಟಿಸಿಕೊಂಡು ಬಂದ. ಅವಮಾನವನ್ನು ಹೀಗೆ ತೂಕ ಮಾಡಿ ಹೊತ್ತುಕೊಂಡು ಬಂದವನು ಆ ಬಸ್ಸಿನಲ್ಲಿ ಅವನೊಬ್ಬನೇ.

ಮೇಷ್ಟ್ರು ಅವನ ಮುಖ ನೋಡಿದರು. "ನಿನ್ನನ್ನ ಎಲ್ಲೋ ನೋಡಿದ ಹಾಗಿದೆಯಲ್ಲಪ್ಪಾ?"

ಗುರುತೇ ಸಿಕ್ಕಿಲ್ಲ! ಎಂಟು ವರ್ಷ ಒಬ್ಬರ ಮೇಲೆ ಹಲ್ಲು ಕಡಿದಿದ್ದಕ್ಕೆ ಇಷ್ಟಾದರೂ ಮರ್ಯಾದೆ ಬೇಡವೇ? "ಇಲ್ಲ ಸಾ," ಎಂದು ಕಿಟಕಿಯ ಕಡೆ ತಿರುಗಿದ. ತೆಪ್ಪದಲ್ಲೇ ಹೇಳಬೇಕು. ಇಲ್ಲಿ ಹೇಳಿದರೆ ಕಂಡಕ್ಟರ್ ಮಧ್ಯೆ ಬಾಯಿ ಹಾಕುತ್ತಾನೆ.

ಮಳವಳ್ಳಿಯಲ್ಲಿ ಬಸ್ಸು ಬದಲಾಯಿಸುವಾಗ ಹೇಗೋ ಸುದ್ದಿ ಮುಟ್ಟಿ ಸೋದರತ್ತೆ ಬೆಳ್ಳಮ್ಮ ಹಾಜರಾಗಿದ್ದಳು. ಒಂದು ಮಂಕರಿ ಅವರೆಕಾಯಿ, ಹತ್ತು ತೆಂಗಿನಕಾಯಿ, ಮಗುವನ್ನು ಎತ್ತಿಕೊಂಡ ಹಾಗೆ ಸೊಂಟದ ಮೇಲೊಂದು ಸಿಹಿಗುಂಬಳ.

"ಅತ್ತೆ, ಇದೆಲ್ಲ ಯಾಕೆ? ನಾವು ನಾಕೇ ಜನ!"

"ಇವತ್ತು ನಾಕು. ನಾಳೆ ಕತೆ ಯಾರು ಕಂಡೋರು? ಬಾಯ್ಮುಚ್ಕೊಂಡು ಇಟ್ಕೊ ಕಣ್ಲಾ. ಅಳಿಯ ಅಂತ ಬಂದು ಬರಿಗೈಲಿ ಓದ ಅಂದ್ರೆ ಮಳವಳ್ಳೀಲಿ ನಾ ತಲೆ ಎತ್ಕೊಂಡು ತಿರುಗಾದೆಂಗೆ?"

ಮುತ್ತತ್ತಿಯಲ್ಲಿ ಇಳಿದಾಗ ಕೋತಿಗಳ ದಂಡು ಸಾಮಾನಿನ ಸುತ್ತ ಸಭೆ ಸೇರಿತು. ಅಂಕಯ್ಯ ದೊಣ್ಣೆ ಹಿಡಿದು ಕುಣಿದ, ಬೈದ. ಒಂದು ಅವರೆಕಾಯಿಯನ್ನೂ ಬಿಟ್ಟುಕೊಡಲಿಲ್ಲ. ಹೊಳೆಯ ದಡದಲ್ಲಿ ತೆಪ್ಪ ಬೋರಲು ಬಿದ್ದಿತ್ತು. ಅದರ ಒಡೆಯ ಕೆಂಪಸಿದ್ದಯ್ಯ ಬೀಡಿ ಸೇದುತ್ತ ಬಂದು ಮೂಟೆಗಳನ್ನು ಒಂದೊಂದಾಗಿ ಒಂದೇ ಕೈಯಲ್ಲಿ ಎತ್ತಿ ಎತ್ತಿ ಇಟ್ಟ. ಭರಣಿಗೆ ಬಂದಾಗ ಎರಡು ಕೈ ಹಾಕಿದ.

"ಬುದ್ದಿ, ಯಾರ ಮದ್ವೆ?"

ಸಾಹೇಬರು ಆಕಾಶ ನೋಡಿದರು.

"ನಂದು ಐದಾಳು ಹೊರೋ ತೆಪ್ಪ," ಎಂದ ಕೆಂಪಸಿದ್ದಯ್ಯ. "ನೀವು ಮೂರು, ನಾನು ನಾಕು. ಸಾಮಾನು ಒಂದಾಳಿನ ತೂಕ ಇದ್ರೆ ಸರಿ. ಇದು ಎರಡಾಳಾಗದೆ. ಮುಂದೆ ಬಂಡೆ ಸಂದೀಲಿ ನೀರು ಜೋರು. ಒಂದಾಳಿನ ತೂಕ ಇಳೀಲೇಬೇಕು. ಅರ್ಧ ಸಾಮಾನು ಪೂಜಾರಪ್ಪನ ಮನೇಲಿ ಮಡಗಿ."

ಬುದ್ಧಿಯಿದ್ದವನು ಅದಕ್ಕೆ ಹೂಂ ಅನ್ನುತ್ತಿದ್ದ. ಅಂಕಯ್ಯನಿಗೆ ಮಾತ್ರ, ತನ್ನ ಯೋಜನೆಯನ್ನು ಕರಿಹಲಗೆಯ ಮೇಲೆ ಬರೆದು ಇಂಟು ಹಾಕಿದ ಹಾಗಾಯಿತು. ಅದೂ ಮೇಷ್ಟ್ರ ಎದುರಿಗೆ.

"ಯಾವುದ್ನ ಬುಡನ? ಅಕ್ಕಿ ಬುಟ್ರೆ ಏನುಣ್ತೀರಿ? ಇಟ್ಟು ಬುಟ್ರೆ ಬೆಳಿಗ್ಗೆ ಏನು ನುಂಗ್ತೀರಿ?"

"ಕುಂಬಳಕಾಯಿ ಬಿಡಬಹುದಲ್ಲಯ್ಯಾ?" ಎಂದರು ಸಾಹೇಬರು.

"ಅತ್ತೆ ಕೊಟ್ಟಿದ್ದು ಸಾ!"

"ಬೆಲ್ಲ?" ಎಂದರು ಮೇಷ್ಟ್ರು.

"ಬೆಲ್ಲ ಇಲ್ದೆ ಊಟನಾ?" ಒಂದೊಂದು ಮೂಟೆಯ ಪರವಾಗಿಯೂ ವಕೀಲನ ಹಾಗೆ ವಾದಿಸಿದ. ವಾದದಲ್ಲಿ ಎಲ್ಲ ಮೂಟೆಗಳೂ ಗೆದ್ದವು. ಆ ದಡದ ಮೇಲೆ ಇನ್ನು ಬೇಡವಾಗಿ ಉಳಿದ ತೂಕವೆಂದರೆ ಅವನೊಬ್ಬನದೇ ಎಂಬುದು ಅವನಿಗೆ ಮಾತ್ರ ಕಾಣಲಿಲ್ಲ. ಕೊನೆಗೆ ಉಸಿರು ಕಟ್ಟಿ ಕಿರುಚಿದ:

"ಅಂಗಾರೆ ನಾನೇ ಇಳೀತೀನಿ ಬುಡಿ! ನಡ್ಕೊಂಡ್ ಬತ್ತೀನಿ!"

ಹೇಳಿ, ಸ್ವಲ್ಪ ಹೊತ್ತು ನಿಂತ. ಬೇಡಪ್ಪಾ ಎನ್ನಲಿ ಎಂದು.

"ಅದೂ ಸರಿಯೇ," ಎಂದ ಕೆಂಪಸಿದ್ದಯ್ಯ. "ದಡದಗುಂಟ ದನ ಓಡಾಡೋ ದಾರಿ ಅದೆ. ಹುಣಸೆ ಮರ ಇರೋ ಮರಳಲ್ಲಿ ಬಿಡಾರ. ಬಾ, ಬಿರ್ರನೆ."

ತೆಪ್ಪ ಒಂದು ಸುತ್ತು ತಿರುಗಿ, ಅಂಕಯ್ಯನಿಗೆ ಬೆನ್ನು ಹಾಕಿ ಹೊರಟಿತು. ಅವನಿಗೆಂದಿದ್ದ ಜಾಗದಲ್ಲಿ ಸಿಹಿಗುಂಬಳ ಕೂತಿತ್ತು, ಮೇಷ್ಟ್ರ ಮೊಣಕಾಲಿಗೆ ಒರಗಿಕೊಂಡು.

ಸಂಜೆಗೆ ಮುಳ್ಳು ತರಚಿದ ಕಾಲಿನಲ್ಲಿ ಬಿಡಾರ ಸೇರಿದ. ಮೇಷ್ಟ್ರು ತಮ್ಮ ಬೇರೆ ಒಲೆಯ ಮುಂದೆ ಕೂತು ಹಸಿ ಸೌದೆ ಊದಿ ಊದಿ ಕಣ್ಣೀರು ಸುರಿಸುತ್ತಿದ್ದರು, ಅನ್ನ ಬೆಂದಿರಲಿಲ್ಲ. ಅಂಕಯ್ಯ ಮೂರು ಕಲ್ಲಿಟ್ಟು ಅವರೆಕಾಳು ಹುಳಿ ಕುದಿಸಿದ್ದೇ ತಡ, ಅವರು ತಟ್ಟೆ ಹಿಡಿದು ಬಂದು ನಿಂತರು. "ಹಸಿವಾದವನಿಗೆ ಎಂಥಾ ಬೇರೆಯಯ್ಯಾ? ಬಡಿಸು."

ಅಂಕಯ್ಯನಿಗೆ ಈಗ ಬುದ್ಧಿ ಓಡಿತು. ಸಾಮಾನು ಕರಗಿಸಿದರೆ ತೆಪ್ಪದಲ್ಲಿ ಜಾಗವಾಗುತ್ತದೆ! ಸೌಟು ಹಿಡಿದು ಬೀಗರ ಊಟಕ್ಕೆ ನಿಂತವನಂತೆ ನಿಂತ. "ಇನ್ನೊಂದ್ ಸೌಟು ಸಾ. ನಾಚ್ಕೋಬ್ಯಾಡಿ. ಮೇಷ್ಟ್ರೇ, ನಮ್ಮಾಣೆ, ಇದೊಂದು ತುತ್ತು." ಸಾಹೇಬರು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರು. ಕೈಯ ಮೇಲೇ ಬಡಿಸಿದ. ಮೇಷ್ಟ್ರು ಪಂಚೆ ಸಡಿಲಿಸಿಕೊಂಡರು. ಮೂವರೂ ಮರಳ ಮೇಲೆ ಮಲಗಿ ನರಳತೊಡಗಿದಾಗ ಅಂಕಯ್ಯ ಮೂಟೆ ಎತ್ತಿ ನೋಡಿ, ಗೆದ್ದೆ ಎಂದುಕೊಂಡು ಕೆಂಪಸಿದ್ದಯ್ಯನನ್ನು ಕೇಳಿದ:

"ನಾಳೀಕೆ ನಾನು ಕೂರಬೋದಾ?"

ಕೆಂಪಸಿದ್ದಯ್ಯ ತೇಗಿದ. "ಅದೆಂಗೆ ಕಣಪ್ಪಾ? ಚೀಲದಲ್ಲಿದ್ದುದ್ದು ಹೊಟ್ಟೆಗೆ ಬಂತು. ಹೊಟ್ಟೆ ಎಲ್ಲಿ ಕೂತ್ಕತದೆ? ತೆಪ್ಪದಲ್ಲೇ ತಾನೆ? ಬೆಳಿಗ್ಗೆ ಪೊದೆ ಕಡೆ ಓಗಿ ಬಂದ್ಮ್ಯಾಕೆ ಒಂಚೂರು ಹಗುರಾದಾರು. ಅಷ್ಟಕ್ಕೆ ನೀನು ಹಿಡಿಸಲ್ಲ."

ಸಾಹೇಬರು ಮಲಗಿದ್ದಲ್ಲೇ ನಕ್ಕರು; ನಗಲೂ ಹೊಟ್ಟೆ ನೋಯುತ್ತಿತ್ತು. ಅಂಕಯ್ಯನಿಗೆ ಇಡೀ ಹೊಳೆಯ ಮೇಲೆ ಸಿಟ್ಟು ಬಂತು. ಆದರೂ ಮಾತು ಸರಿಯಾಗಿತ್ತು. ತಿನ್ನಬೇಕಾದವರು ತೆಪ್ಪದವರಲ್ಲ. ತೆಪ್ಪದಲ್ಲಿ ಕೂರದವರು ಬಂದು ತಿನ್ನಬೇಕು. ಕಾಡಿನಲ್ಲಿ ಅಂಥವರನ್ನು ಎಲ್ಲಿಂದ ತರುವುದು?

ಮಾರನೆಯ ದಿನ ದನದ ದಾರಿ ಹಿಡಿದು ನಡೆಯುವಾಗ ಅವನ ಕಣ್ಣು ಮನುಷ್ಯರಿಗಾಗಿ ಪೊದೆ ಪೊದೆ ತಡಕಿತು. ಉಣ್ಣುವ ಹೊತ್ತಿಗೆ ಬರುವ ನೆಂಟರನ್ನು ಕಂಡರೆ ಉರಿದು ಬೀಳುತ್ತಿದ್ದವನು, ಒಬ್ಬ ನೆಂಟ ಸಿಕ್ಕರೆ ಕಾಲಿಗೆ ಬೀಳುವ ಸ್ಥಿತಿಗೆ ಬಂದಿದ್ದ. ಮಧ್ಯಾಹ್ನ ಗಂಟೆಯ ಸದ್ದು ಕೇಳಿಸಿತು. ದನಗಳ ಹಿಂದೆ ಕಂಬಳಿ ಹೊದ್ದ ಮುದುಕ. ಹೆಸರು ಮರಿಯಯ್ಯ. ಬೇಸಗೆ ಮುಗಿಯುವವರೆಗೂ ದನ ಮೇಯಿಸಲು ಕಾಡಿನ ದೊಡ್ಡಿಯಲ್ಲಿ ಬೀಡುಬಿಟ್ಟವರಲ್ಲಿ ಹಿರಿಯ.

"ಸಂಜೆ ಊಟಕ್ಕೆ ಬನ್ನಿ ಯಜಮಾನ್ರೇ!" ಅಂಕಯ್ಯ ಅಡ್ಡ ನಿಂತು ಕೈ ಮುಗಿದ. "ಹೊಳೆ ದಡಕ್ಕೆ. ನಿಮ್ಮೋರನ್ನೆಲ್ಲಾ ಕರ್ಕೊಂಡ್ ಬನ್ನಿ!"

ಮುದುಕ ಒಂದು ಹೆಜ್ಜೆ ಹಿಂದೆ ಸರಿದ. "ಯಾತಕ್ಕಪ್ಪಾ? ಎಲೆಕ್ಸನ್ನಾ?"

"ಇಲ್ಲ, ಸುಮ್ನೆ ಊಟ."

"ಸುಮ್ನೆ ಯಾರೂ ಇಕ್ಕಲ್ಲ ಕಣಪ್ಪಾ. ಹರಕೆನಾ?"

ತನಗೆ ತೆಪ್ಪದಲ್ಲಿ ಜಾಗ ಬೇಕು, ಅದಕ್ಕೆ ನೀವು ತಿನ್ನಬೇಕು ಎಂದು ವಿವರಿಸಲು ಹೋದರೆ ಹುಚ್ಚನೆಂದು ಓಡಿಹೋದಾನು. "ಹ್ಞೂಂ, ಹರಕೆ," ಎಂದ. ಸುಳ್ಳೇನಲ್ಲ ಎಂದು ಸಮಾಧಾನ ಮಾಡಿಕೊಂಡ, ಎಂಟು ವರ್ಷದ್ದು.

ಹೊತ್ತು ಇಳಿಯುವಾಗ ದೊಡ್ಡಿಯವರು ಬಂದರು. ಹದಿನೇಳು ಜನ. ಜೊತೆಗೆ ಆರು ನಾಯಿ. ಅಂಕಯ್ಯ ಎರಡು ಒಲೆ ಹೂಡಿ, ಮೇಷ್ಟ್ರ ಬೇರೆ ಅಕ್ಕಿಯನ್ನೂ ಬೆರೆಸಿ ಸುರಿದು, ಹಿತ್ತಾಳೆ ಪಾತ್ರೆಯಲ್ಲಿ ಕುಂಬಳಕಾಯಿ ಬೇಯಿಸಿ, ತೆಪ್ಪದ ಹುಟ್ಟನ್ನೇ ತೊಳೆದು ಮುದ್ದೆ ತೊಳಸಿದ. ಕೆಂಪಸಿದ್ದಯ್ಯ ಹುಟ್ಟಿಗಾದ ಗತಿ ನೋಡಿ ಬಾಯಿ ತೆರೆದವನು, ಬಿಸಿ ಮುದ್ದೆ ಕಂಡು ಮುಚ್ಚಿಕೊಂಡ. ಮೇಷ್ಟ್ರು ಹೆಗಲ ಮೇಲಿನ ವಲ್ಲಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಗೊಜ್ಜು ಬಡಿಸಿದರು. ಕಾಡಿನಲ್ಲಿ ತಿಂಗಳಿಂದ ಸೊಪ್ಪು, ಮಜ್ಜಿಗೆಯಲ್ಲಿ ದಿನ ದೂಡಿದ ಮಂದಿ, ಮಾತಿಲ್ಲದೆ ಉಂಡರು. ಅಷ್ಟು ಜನ ಉಣ್ಣುವುದನ್ನು ನೋಡಿ ಅಂಕಯ್ಯನ ತಲೆಗೇ ಏರಿತು. ಹೊರಟು ನಿಂತವರ ಮಡಿಲಿಗೆ ಉಳಿದ ಬೆಲ್ಲ, ಉಳಿದ ಕಾಯಿ, ತಳದ ಅಕ್ಕಿ, ಹಿಟ್ಟು ಎಲ್ಲ ಸುರಿದ. "ತಕ್ಕಳಿ, ತಕ್ಕಳಿ! ನಾಚ್ಕೋಬ್ಯಾಡಿ!" ಭರಣಿಯನ್ನು ಮರಿಯಯ್ಯನ ಕಂಕುಳಿಗೇ ಇಟ್ಟ.

"ನಿನ್ ಹರಕೆ ತೀರ್ತಪ್ಪಾ," ಎಂದು ಮುದುಕ ತಲೆ ಮುಟ್ಟಿ ಹೋದ.

ಮೂರನೆಯ ದಿನ ಬೆಳಿಗ್ಗೆ ಕೆಂಪಸಿದ್ದಯ್ಯ ತೆಪ್ಪ ನೀರಿಗಿಳಿಸಿ, ಖಾಲಿ ಚೀಲಗಳ ಗಂಟನ್ನು ಕಾಲಿನಿಂದ ಒದ್ದು ನೋಡಿ, "ಕೂತ್ಕಪ್ಪಾ" ಎಂದ. ಅಂಕಯ್ಯ ಕೂತ. ಮೊಣಕಾಲಿಗೆ ಮೊಣಕಾಲು ತಾಗಿಸಿ, ಮೇಷ್ಟ್ರ ಎದುರಿಗೇ. ದಡ ದೂರವಾಯಿತು. ನೀರು ಅಗಲವಾಗಿ ಶಾಂತವಾದ ಕಡೆ ಬಂದಾಗ ಗಂಟಲು ಸರಿಮಾಡಿಕೊಂಡ.

"ಸಾ, ನೀವು ನಮ್ಮೂರಲ್ಲಿ ಎಂಟನೇ ಕ್ಲಾಸಿನ ಒಬ್ಬ ಹುಡುಗನ್ನ ಹೊರಗಾಕಿದ್ರಿ. ಲೆಕ್ಕ ಬರ್ನಿಲ್ಲ ಅಂತ. ಅದು ನಾನೇ ಸಾ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. "ಅಯ್ಯೋ, ಅದು ನೀನೇನಯ್ಯಾ? ಚೀಲ ಹೊತ್ಕೊಂಡು ಹೋದವನು? ಐದು ನಿಮಿಷಕ್ಕೆ ಬಾಗಿಲಿಗೆ ಬಂದು ನೋಡ್ತೀನಿ, ನೀನಿಲ್ಲ. ಮಾರನೇ ದಿನ ನಿಮ್ಮನೆಗೆ ಬಂದೆ. ನಿಮ್ಮ ತಾಯಿ, ಎಲ್ಲಿ ಹೋದನೋ ಗೊತ್ತಿಲ್ಲ ಸ್ವಾಮಿ, ಬನ್ನಿ ಊಟ ಮಾಡಿ ಅಂದ್ರು. ನಾನು ಹೊರಗೆ ಉಣ್ಣೋನಲ್ಲ, ಬೆಲ್ಲ ನೀರು ಕುಡಿದು ಬಂದೆ. ಎಲ್ಲಿಗಯ್ಯಾ ಹೋಗಿದ್ದೆ?"

"ಕೆರೆ ಏರಿ ಮ್ಯಾಲೆ," ಎಂದ ಅಂಕಯ್ಯ, ಕೇಳಿಸದ ಹಾಗೆ. ಮೇಷ್ಟ್ರು ಮನೆಗೆ ಬಂದಿದ್ದನ್ನು ಅವ್ವ ಯಾವತ್ತೂ ಹೇಳಿರಲಿಲ್ಲ.

"ಅಲ್ಲೇನು ಮಾಡ್ತಿದ್ದೆ?"

ಎಂಟು ವರ್ಷ ತಿದ್ದಿ ತೀಡಿದ ಭಾಷಣವನ್ನು ಅಲ್ಲಿಗೇ ಬಿಟ್ಟು, ಅಂಕಯ್ಯ ಚೀಲಗಳ ಗಂಟನ್ನು ಇನ್ನೊಮ್ಮೆ ಬಿಗಿದ. ಮೇಷ್ಟ್ರು ಅವನ ಮೊಣಕಾಲ ಮೇಲೆ ಒಮ್ಮೆ ಕೈಯಿಟ್ಟು ತೆಗೆದರು. ಹೊಳೆಯ ಸದ್ದಿನಲ್ಲಿ ಇನ್ನೊಂದು ಸದ್ದು ಸೇರಿತು, ಸಾಹೇಬರ ಹೊಟ್ಟೆಯದು. ಹೊತ್ತು ನೆತ್ತಿಗೆ ಬಂದಿತ್ತು.

"ಅಂಕಯ್ಯ," ಎಂದರು ಸಾಹೇಬರು, "ಮಧ್ಯಾಹ್ನಕ್ಕೆ ಏನಿಟ್ಟಿದೀಯ?"

ಅಂಕಯ್ಯ ಗಂಟು ಬಿಚ್ಚಿದ. ಉಪ್ಪಿನ ಡಬ್ಬಿ. ಒಂದು ಹಿಡಿ ಒಣಮೆಣಸಿನಕಾಯಿ. ಮೂಲೆಯಲ್ಲಿ ಒಂದು ಅವರೆಕಾಯಿ, ಅದೂ ಹುಳುಕು.

"ನಾನು ಮೀನು ಹಿಡಿದು ಸುಟ್ಕೊಂಡೇನು," ಎಂದ ಕೆಂಪಸಿದ್ದಯ್ಯ. "ನೀವಿಬ್ರು ಬುದ್ದಿಯೋರು ಏನ್ಮಾಡ್ತೀರಿ? ಸಂಗಮ ಸೇರೋದು ಸಂಜೆಗೆ."

ಮೂರೂ ಮುಖಗಳು ಅಂಕಯ್ಯನ ಕಡೆ ತಿರುಗಿದವು. ದುಂಡಗಿನ ತೆಪ್ಪ, ಯಾವ ಕಡೆ ತಿರುಗಿದರೂ ಎದುರಿಗೆ ಒಬ್ಬರು. ಅಭ್ಯಾಸದಂತೆ ಸಿಟ್ಟು ಬಂತು. ಯಾರ ಮೇಲೆ ಎಂದು ಹುಡುಕಿತು. ಅವ್ವನ ಮೇಲೆ? ಅತ್ತೆಯ ಮೇಲೆ? ಮರಿಯಯ್ಯನ ಮೇಲೆ? ಎಲ್ಲರೂ ಕೊಟ್ಟವರು ಅಥವಾ ತಲೆ ಮುಟ್ಟಿ ಹರಸಿದವರು. "ನಾನೇ ಇಳಿದು..." ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡ. ಸುತ್ತ ಆಳೆತ್ತರದ ನೀರಿತ್ತು, ಅವನಿಗೆ ಈಜು ಬರುತ್ತಿರಲಿಲ್ಲ.

"ಕೊಡಿ ಇಲ್ಲಿ ಹುಟ್ಟು," ಎಂದ. "ಬೇಗ ಮುಟ್ಟಿಸ್ತೀನಿ."

ಶಕ್ತಿಯೆಲ್ಲ ಹಾಕಿ ಎಳೆದ. ತೆಪ್ಪ ಮುಂದೆ ಹೋಗಲಿಲ್ಲ. ಇದ್ದಲ್ಲೇ ಗಿರಗಿರನೆ ಸುತ್ತಿತು. ಸಾಹೇಬರು ಅಂಚು ಹಿಡಿದರು. ಮೇಷ್ಟ್ರು ಕಣ್ಣು ಮುಚ್ಚಿ ನಗುತ್ತಿದ್ದರು.

"ಸಿಟ್ಟಲ್ಲಿ ಎಳೆದ್ರೆ ಇದು ಸುತ್ತದೆ ಕಣಪ್ಪಾ," ಎಂದ ಕೆಂಪಸಿದ್ದಯ್ಯ, ಬೀಡಿ ಹಚ್ಚಿಕೊಳ್ಳುತ್ತ. "ಎಳಿ, ಎಳಿ. ತಲೆ ಸುತ್ತಿದ್ರೆ ಇವರಿಗೂ ಹಸಿವು ಮರ್ತೋಯ್ತದೆ."

ಅಂಕಯ್ಯ ಎಳೆದ.